ನಿಲ್ಲದ ಚಪ್ಪಾಳೆ

ಪೊಜ್ನಾನ್, 25 ಜುಲೈ 1982

ಬೋಗ್ನಾ, ನನ್ನ ತುಂಟಿ,

ಕಾಫಿ ಪುಡಿ ತಲುಪಿತು. ಚಾಕಲೇಟೂ ತಲುಪಿತು, ಒಂದು ಮೂಲೆ ಮಾತ್ರ ಇರಲಿಲ್ಲ. ನಮ್ಮ ಅಂಚೆಯನ್ನು ಒಡೆದು ಓದುವ ಸಾಹೇಬರು ಸಿಹಿಯ ರುಚಿಯನ್ನೂ ನೋಡುತ್ತಾರೆಂದು ಕಾಣುತ್ತದೆ. ನೋಡಲಿ ಬಿಡು. ದಿನವಿಡೀ ಬೇರೆಯವರ ಮನೆಯ ಗೋಳು ಓದಿ ಪಾಪ, ಬಾಯಿ ಕಹಿಯಾಗಿರುತ್ತದೆ. ಕಾಫಿಯಲ್ಲಿ ಅರ್ಧವನ್ನು ಮೇಲಿನ ಮನೆಯ ಪೆಲಾಗ್ಯಾಗೆ ಕೊಟ್ಟೆ. "ಏನ್ ಮೇಷ್ಟ್ರೇ, ನಿಮ್ಮ ಮಗಳು ಹಾಲೆಂಡಿಗೆ ವಯೋಲಾ ನುಡಿಸೋಕೆ ಹೋಗಿದ್ದಾಳಾ, ಕಾಫಿ ಅಂಗಡಿ ಇಡೋಕೆ ಹೋಗಿದ್ದಾಳಾ?" ಅಂದಳು. ಎರಡು ವಾರದ ಪ್ರವಾಸಕ್ಕೆಂದು ಹೋದವಳು ನೀನು. ಬೆನ್ನಿಗೇ ಇಲ್ಲಿ ಸೇನೆಯ ಆಡಳಿತ ಬಂತು, ಬೀದಿಯಲ್ಲಿ ಟ್ಯಾಂಕು ನಿಂತವು, ನೀನು ಅಲ್ಲೇ ಉಳಿದೆ. ಉಳಿದದ್ದು ಒಳ್ಳೆಯದೇ ಆಯಿತೆಂದು ಬೆಳಿಗ್ಗೆ ಅನ್ನಿಸುತ್ತದೆ, ಸಂಜೆ ಹಾಗನ್ನಿಸುವುದಿಲ್ಲ.

ಈಗ ಮುಖ್ಯ ವಿಷಯ. ಮೊನ್ನೆ ಇಪ್ಪತ್ತೆರಡರ ಸರ್ಕಾರಿ ಹಬ್ಬದ ದಿನ ನಿನ್ನ ಅಮ್ಮ ಹಾಡಿದ್ದನ್ನು ಕೇಳಿದೆ. ಟೆಲಿವಿಷನ್ನಿನಲ್ಲಿ. ಐದು ವರ್ಷದ ಹಿಂದೆ ರೋಮಾನಾ ಹಾಡಿ ನಾನು ಪಿಯಾನೊ ನುಡಿಸಿದ ನನ್ನ ಸಂಜೆಯ ಹಾಡುಗಳು ನಿನಗೆ ನೆನಪಿವೆಯಲ್ಲ, ಅದೇ ಟೇಪು. ಜೂನ್‌ನಲ್ಲಿ ಟೆಲಿವಿಷನ್ ಕೇಂದ್ರದಿಂದ ಯಾರೋ ಫೋನು ಮಾಡಿ ಬಹಳ ವಿನಯದಿಂದ, "ಹಳೇದೊಂದು ಇದೆ ಮೇಷ್ಟ್ರೇ, ಹಾಕಬಹುದಾ?" ಎಂದು ಕೇಳಿದರು. ಡಿಸೆಂಬರಿನಿಂದ ನಮ್ಮ ನಟರಾಗಲಿ ಸಂಗೀತಗಾರರಾಗಲಿ ಆ ಕಟ್ಟಡದ ಮೆಟ್ಟಿಲು ತುಳಿದಿಲ್ಲ. ಸಮವಸ್ತ್ರದವರು ಅಲ್ಲಿ ಕೂತು ಸುದ್ದಿ ಓದುವವರೆಗೆ ತುಳಿಯುವುದೂ ಇಲ್ಲ. ಸಾಹೇಬರೇ, ಈ ಸಾಲಿಗೆ ಮಸಿ ಬಳಿಯುವುದಾದರೆ ಬಳಿಯಿರಿ, ಮುಂದಿನ ಸಾಲು ಬಿಡಿ. ನಾನೂ ತುಳಿದಿಲ್ಲ. ಆದರೆ ಟೇಪು ಹಳೆಯದು. ನಾನು ಅಲ್ಲಿಗೆ ಹೋಗುತ್ತಿಲ್ಲ, ನುಡಿಸುತ್ತಿಲ್ಲ, ಅವರ ಕಾಸು ಮುಟ್ಟುತ್ತಿಲ್ಲ. ಹಾಡಿದವಳು ತೀರಿಕೊಂಡು ಎರಡು ವರ್ಷವಾಯಿತು, ಅವಳನ್ನು ಯಾರೂ ಏನೂ ಅನ್ನುವ ಹಾಗಿಲ್ಲ. ಹೀಗೆಲ್ಲ ಯೋಚಿಸಿ ಹೂಂ ಅಂದೆ. ನಿಜ ಹೇಳಬೇಕೆಂದರೆ ಯೋಚಿಸಿದ್ದು ಹೂಂ ಅಂದ ಮೇಲೆ. ಮನೆಯಲ್ಲಿ ಅವಳ ದನಿಯ ಒಂದು ರೆಕಾರ್ಡೂ ಇಲ್ಲ ಮಗಳೇ. ಕೇಳಬೇಕು ಅನ್ನಿಸಿತು.

ಪೆಲಾಗ್ಯಾಳ ಮನೆಯಲ್ಲಿ ಕೂತು ನೋಡಿದೆ. ರೋಮಾನಾ ಆ ನೀಲಿ ಉಡುಪಿನಲ್ಲಿದ್ದಳು. ಎರಡನೆಯ ಹಾಡಿನಲ್ಲಿ ಉಸಿರು ತೆಗೆದುಕೊಳ್ಳಬಾರದ ಕಡೆ ತೆಗೆದುಕೊಂಡಳು; ಅದಕ್ಕೆ ನಾವು ಆಗ ಒಂದು ವಾರ ಮಾತು ಬಿಟ್ಟಿದ್ದೆವು. ನನಗೆ ಅಳು ತಡೆಯಲಾಗಲಿಲ್ಲ. ಕೊನೆಯಲ್ಲಿ ನನ್ನ ಹೆಸರು ಪರದೆಯ ತುಂಬ ಬಂತು. ತಿರುಗಿ ನೋಡಿದರೆ ಪೆಲಾಗ್ಯಾ ಎದ್ದು ಸಾರು ತಿರುವಲು ಹೋಗಿದ್ದಳು, ನಾನು ಹೊರಡುವವರೆಗೂ ಒಲೆಯ ಬಳಿಯೇ ಇದ್ದಳು. ಅವಳಿಗೂ ರೋಮಾನಾ ಅಂದರೆ ಪ್ರಾಣ.

ಅಕ್ಟೋಬರ್ ಹದಿನೈದಕ್ಕೆ ನನ್ನ ಹೊಸ ಕೃತಿ ನಮ್ಮ ಊರಿನ ಸಭಾಂಗಣದಲ್ಲಿ. ತಂತಿವಾದ್ಯಗಳು, ಮತ್ತು ಪಿಯಾನೊಗೆ ನಾನೇ. ನಿನ್ನ ಅಮ್ಮ ಹೋದಂದಿನಿಂದ ಇದೊಂದನ್ನೇ ಬರೆಯುತ್ತಾ ಕೂತಿದ್ದೆ. ಎಪ್ಪತ್ತೆರಡಾಯಿತು, ಇನ್ನೊಂದು ಬರೆಯುತ್ತೇನೆಂಬ ಭರವಸೆಯಿಲ್ಲ. ಇದನ್ನು ನನ್ನ ಊರಿನವರು ಒಮ್ಮೆ ಕೇಳಿಬಿಟ್ಟರೆ ಸಾಕು, ಮಿಕ್ಕಿದ್ದು ಹೇಗಾದರೂ ಆಗಲಿ.

ನಿನ್ನ ಕಾಫಿ ಕುಡಿದು ನಿದ್ದೆಗೆಟ್ಟಿರುವ ಅಪ್ಪ,
ಸೆವೆರಿನ್


ಉಟ್ರೆಕ್ಟ್, 14 ಆಗಸ್ಟ್ 1982

ಅಪ್ಪಾ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಅಮ್ಮ ಹಾಡಿದ್ದನ್ನು ನಾನೂ ಕೇಳಬೇಕಿತ್ತು. ಆ ಉಸಿರಿನ ಜಗಳ ನನಗೆ ಚೆನ್ನಾಗಿ ನೆನಪಿದೆ. ನೀವಿಬ್ಬರೂ ಮಾತು ಬಿಟ್ಟಾಗ "ನಿಮ್ಮಪ್ಪನಿಗೆ ಹೇಳು ಉಪ್ಪು ಕೊಡೋಕೆ", "ನಿಮ್ಮಮ್ಮನಿಗೆ ಹೇಳು ಉಪ್ಪು ಅವಳ ಮುಂದೇನೇ ಇದೆ" ಎಂದು ಸುದ್ದಿ ಸಾಗಿಸಿದವಳು ನಾನೇ.

ಆದರೆ ಅಪ್ಪಾ, ಹೂಂ ಅನ್ನುವ ಮೊದಲು ಯಾರನ್ನಾದರೂ ಒಂದು ಮಾತು ಕೇಳಿದ್ದಿರಾ? ಕ್ಸಾವೆರಿಯನ್ನಾದರೂ ಕೇಳಬಹುದಿತ್ತು. ನಿಮ್ಮ ಕೈಯಲ್ಲಿ ಕಲಿತವನು, ಐದು ತಿಂಗಳು ಒಳಗಿದ್ದು ಬಂದವನು, ಊರಿನ ಗಾಳಿ ಈಗ ಹೇಗೆ ಬೀಸುತ್ತಿದೆಯೆಂದು ಅವನಿಗೆ ಗೊತ್ತಿರುತ್ತದೆ. ಹಳೆಯ ಟೇಪೆಂದು ನಿಮಗೆ ಗೊತ್ತು. ನೋಡಿದವರಿಗೆ ಗೊತ್ತೆ? ಪರದೆಯ ಮೇಲೆ ವರ್ಷ ಹಾಕಿದ್ದರಾ? ಇದಕ್ಕಿಂತ ಬಿಡಿಸಿ ಬರೆಯಲಾರೆ, ನಡುವೆ ನಿಮ್ಮ ಸಾಹೇಬರಿದ್ದಾರೆ. ದಯವಿಟ್ಟು ಕ್ಸಾವೆರಿಯನ್ನು ಕಂಡು ಮಾತಾಡಿ. ಸಂಗೀತ ಕಚೇರಿಗೆ ಮೊದಲೇ.

ಇಲ್ಲಿ ಒಂದು ಚಿಕ್ಕ ವಾದ್ಯವೃಂದದಲ್ಲಿ ಜಾಗ ಸಿಕ್ಕಿದೆ. ಎಲ್ಲರೂ ಒಳ್ಳೆಯವರು. ನಾನು ಪೋಲೆಂಡಿನವಳೆಂದು ತಿಳಿದ ಕೂಡಲೇ ತಲೆ ಒಂದು ಕಡೆ ವಾಲಿಸಿ ಕನಿಕರದಿಂದ ನೋಡುತ್ತಾರೆ, ಯಾರದೋ ಸಾವಿಗೆ ಬಂದವರ ಹಾಗೆ. ಆಗ ನನಗೆ ಸಿಟ್ಟು ಬರುತ್ತದೆ. ಬಿಸ್ಕತ್ತು ಮಾತ್ರ ಚೆನ್ನಾಗಿ ಕೊಡುತ್ತಾರೆ.

ಗೆಣಸಿನಂತೆ ಬೆಳೆಯುತ್ತಿರುವ ಚಿಂತೆಯೊಂದಿಗೆ,
ನಿಮ್ಮ ಬೋಗ್ನಾ


ಪೊಜ್ನಾನ್, 17 ಅಕ್ಟೋಬರ್ 1982

ಬೋಗ್ನಾ, ಕೇಳು,

ಕಳೆದ ಸಲ ನೀನು ಒಂದು ಪುಟ ಪೂರ್ತಿ ಅಜ್ಜಿಯ ಹಾಗೆ ಗೊಣಗಿದ್ದೆ. ಅದಕ್ಕೆ ಉತ್ತರ ಬರೆಯದೆ ಸುಮ್ಮನಿದ್ದದ್ದು ಒಳ್ಳೆಯದೇ ಆಯಿತು, ಉತ್ತರವನ್ನು ಊರೇ ಕೊಟ್ಟಿದೆ.

ಶುಕ್ರವಾರ ಸಭಾಂಗಣ ತುಂಬಿ ಗೋಡೆಗೆ ಒರಗಿ ನಿಂತಿದ್ದರು. ಪೆಲಾಗ್ಯಾಗೆ ಮುಂದಿನ ಸಾಲಿನಲ್ಲಿ ಕುರ್ಚಿ ಕೊಡಿಸಿದ್ದೆ. ನಾನು ವೇದಿಕೆಗೆ ಕಾಲಿಟ್ಟೆ. ಒಂದು ಕ್ಷಣ ಸದ್ದಿಲ್ಲ, ಆಮೇಲೆ ನಾಲ್ಕನೆಯ ಸಾಲಿನಿಂದ ಯಾರೋ ಚಪ್ಪಾಳೆ ಶುರು ಮಾಡಿದರು, ಬೆನ್ನಿಗೇ ಎಲ್ಲರೂ. ಬಾಗಿ ನಮಸ್ಕರಿಸಿದೆ. ನಿಲ್ಲಲಿಲ್ಲ. ಪಿಯಾನೊ ಮುಂದೆ ಕೂತು ಕೈಯೆತ್ತಿದೆ. ಇನ್ನೂ ಜೋರಾಯಿತು. ಎದ್ದು ಮತ್ತೆ ಬಾಗಿದೆ, ಎದೆಯ ಮೇಲೆ ಕೈಯಿಟ್ಟುಕೊಂಡು. ಮತ್ತೆ ಕೂತೆ. ಅವರು ಬಿಡಲೊಲ್ಲರು. ಮೂರನೆಯ ಸಲ ಎದ್ದೆ. ಪೆಲಾಗ್ಯಾ ತಟ್ಟುತ್ತಲೇ ಇದ್ದಳು, ಕಣ್ಣಲ್ಲಿ ಧಾರಾಕಾರ ನೀರು. ವಾದ್ಯವೃಂದದವರು ಬಿಲ್ಲು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದರು, ಅವರಿಗೂ ಭಾವ ಉಕ್ಕಿತ್ತೇನೋ. ಕೊನೆಗೆ ವ್ಯವಸ್ಥಾಪಕರು ಬಂದು ತೋಳು ಹಿಡಿದು, "ಬನ್ನಿ ಮೇಷ್ಟ್ರೇ, ಇವತ್ತು ಆಗಲ್ಲ" ಎಂದು ಒಳಗೆ ಕರೆದುಕೊಂಡು ಹೋದರು. ಪರದೆಯ ಹಿಂದೆ ನಿಂತರೂ ಕೇಳಿಸುತ್ತಲೇ ಇತ್ತು.

ಒಂದು ಸ್ವರವನ್ನೂ ನುಡಿಸಲಿಲ್ಲ ಮಗಳೇ. ನುಡಿಸಲು ಬಿಡದಷ್ಟು ಪ್ರೀತಿ. ನನ್ನ ಜೀವಮಾನದಲ್ಲಿ ಇಂಥದ್ದು ಕಂಡಿಲ್ಲ. ಜರ್ಮನರು ನಮ್ಮನ್ನು ಈ ಊರಿನಿಂದ ಓಡಿಸಿದಾಗ ವಾರ್ಸಾದ ಒಂದು ಕಾಫಿ ಅಂಗಡಿಯಲ್ಲಿ ಹೊಟ್ಟೆಪಾಡಿಗೆ ನುಡಿಸುತ್ತಿದ್ದೆ. ಅಲ್ಲಿ ಚಮಚದ ಸದ್ದೇ ನನಗೆ ಸಿಕ್ಕ ಮರ್ಯಾದೆ. ಐವತ್ತೊಂದರಲ್ಲಿ, ಜನರಿಗೆ ಅರ್ಥವಾಗುವ ಹಾಗೆ ಬರೆಯಿರಿ ಎಂದು ಮೇಲಿನಿಂದ ಅಪ್ಪಣೆಯಾದಾಗ, ಉಕ್ಕಿನ ಕಾರ್ಖಾನೆಯ ಮೇಲೆ ಒಂದು ಮೇಳಗಾನ ಬರೆದುಕೊಟ್ಟೆ. ಕಾರ್ಖಾನೆಯವರನ್ನೇ ಬಸ್ಸಿನಲ್ಲಿ ತಂದು ಕೂರಿಸಿದ್ದರು. ಯಾವಾಗ ತಟ್ಟಬೇಕೆಂದು ಮುಂದಿನ ಸಾಲಿನವರನ್ನು ನೋಡಿ ತಟ್ಟಿದರು, ಪಾಪ. ಐವತ್ತಾರರ ಕಾರ್ಮಿಕರ ಗಲಾಟೆ ಕಳೆದು, ಬಿಗಿ ಸಡಿಲವಾಗಿ ಕಿಟಕಿ ತೆರೆದ ಮೇಲೆ ಪಿಟೀಲಿನ ಬೆನ್ನನ್ನು ಬೆರಳಿನಿಂದ ಕುಟ್ಟುವ ಕೃತಿ ಮಾಡಿದಾಗ, "ಸೆವೆರಿನ್ ಮನೆಗೆ ಬಡಗಿ ಬಂದಿದ್ದಾನೆ" ಎಂದು ನಕ್ಕರು. ಈಗ ಇದು. ಇದಕ್ಕಾಗಿಯೇ ಇಷ್ಟು ದಿನ ಬದುಕಿದ್ದೆ ಅನ್ನಿಸಿತು.

ಒಂದೇ ವಿಚಿತ್ರ. ಆಮೇಲೆ ಒಳಗಿನ ಕೋಣೆಗೆ ಯಾರೂ ಬರಲಿಲ್ಲ. ಕ್ಸಾವೆರಿ ಹೊರಗಿನ ಮೊಗಸಾಲೆಯಲ್ಲಿ ನಿಂತಿದ್ದ. "ಏನಯ್ಯಾ" ಎಂದರೆ ಗೋಡೆ ನೋಡಿದ. ಗದ್ದಲದಲ್ಲಿ ಕೇಳಿಸಿರಲಿಕ್ಕಿಲ್ಲ. ವಸಂತದಲ್ಲಿ ಮತ್ತೆ ಇಟ್ಟುಕೊಳ್ಳೋಣವೆಂದು ವ್ಯವಸ್ಥಾಪಕರನ್ನು ಕೇಳಿದ್ದೇನೆ, ನೋಡೋಣ ಎಂದಿದ್ದಾರೆ.

ಇನ್ನೂ ಕಿವಿ ಗುಂಯ್‌ಗುಡುತ್ತಿರುವ,
ನಿನ್ನ ಅಪ್ಪ


ಪೊಜ್ನಾನ್, 30 ಅಕ್ಟೋಬರ್ 1982

ಬೋಗ್ನಾ,

ನಾನು ಕ್ಸಾವೆರಿ. ಇದನ್ನು ಅಂಚೆಗೆ ಹಾಕಿಲ್ಲ. ಔಷಧಿ ಮತ್ತು ಹಿಟ್ಟು ಇಳಿಸಲು ಬಂದ ನಿಮ್ಮೂರಿನ ಲಾರಿ ಚಾಲಕನ ಕೈಲಿ ಕೊಟ್ಟಿದ್ದೇನೆ. ಆದ್ದರಿಂದ ಬಿಡಿಸಿ ಬರೆಯುತ್ತೇನೆ.

ಮೇಷ್ಟ್ರು ನಿನಗೆ ಏನು ಬರೆದಿರುತ್ತಾರೆಂದು ನನಗೆ ಗೊತ್ತು. ಬೇಕರಿಯ ಸಾಲಿನಲ್ಲಿ, ಟ್ರಾಮಿನಲ್ಲಿ, ಚರ್ಚಿನ ಬಾಗಿಲಲ್ಲಿ ಸಿಕ್ಕವರಿಗೆಲ್ಲ ಅದನ್ನೇ ಹೇಳುತ್ತಿದ್ದಾರೆ. "ನುಡಿಸೋಕೇ ಬಿಡಲಿಲ್ಲ ನೋಡಿ ನಮ್ಮ ಜನ" ಅನ್ನುತ್ತಾರೆ. ಕೇಳಿದವರು ತಲೆ ತಗ್ಗಿಸಿ ಚೀಲದಲ್ಲಿ ಏನೋ ಹುಡುಕುತ್ತಾರೆ.

ನೀನು ಹೋದ ಮೇಲೆ ಇಲ್ಲಿ ಹುಟ್ಟಿಕೊಂಡ ಪದ್ಧತಿ ಇದು. ಯಾವ ನಟನಾದರೂ ಟೆಲಿವಿಷನ್ನಿನಲ್ಲಿ ಮುಖ ತೋರಿಸಿದರೆ, ಮುಂದೆ ಅವನು ನಾಟಕದಲ್ಲಿ ರಂಗಕ್ಕೆ ಬಂದಾಗ ಜನ ಚಪ್ಪಾಳೆ ತಟ್ಟುತ್ತಾರೆ. ತಟ್ಟುತ್ತಲೇ ಇರುತ್ತಾರೆ. ಅವನು ಬಾಯಿ ತೆರೆಯುವ ಹಾಗಿಲ್ಲ. ಕೂಗಿದರೆ, ಸಿಳ್ಳೆ ಹೊಡೆದರೆ ಪೊಲೀಸರು ಎಳೆದೊಯ್ಯುತ್ತಾರೆ. ಚಪ್ಪಾಳೆ ತಟ್ಟಿದ್ದಕ್ಕೆ ಯಾವ ಕಾನೂನೂ ಇಲ್ಲ. ಅವನು ಅರ್ಥ ಮಾಡಿಕೊಂಡು ಒಳಗೆ ಹೋಗುವವರೆಗೆ ನಿಲ್ಲಿಸುವುದಿಲ್ಲ. ಕೈ ಊದಿಕೊಳ್ಳುತ್ತವೆ. ಸಂಗೀತ ಕಚೇರಿಯಲ್ಲಿ ಹೀಗಾದದ್ದು ನಾನು ನೋಡಿದ ಹಾಗೆ ಇದೇ ಮೊದಲು.

ಜುಲೈನಲ್ಲಿ ಊರೆಲ್ಲ ಅವರನ್ನು ನೋಡಿತ್ತು. ಆ ಟೇಪು ಹಳೆಯದೆಂದು ರೋಮಾನಾ ಅವರನ್ನು ಬಲ್ಲವರಿಗೆ ಮಾತ್ರ ಗೊತ್ತು. ಅವರನ್ನು ಬಲ್ಲವರೂ, ಹಳೆಯದಾದರೇನು, ಹಬ್ಬದ ದಿನ ಸರ್ಕಾರಕ್ಕೊಂದು ಅಲಂಕಾರ ಬೇಕಿತ್ತು, ಈತ ಕೊಟ್ಟ ಎಂದರು. ನಾನೂ ಅದನ್ನೇ ಅಂದೆ.

ಬೋಗ್ನಾ, ನಾನೂ ತಟ್ಟಿದೆ. ನಾನು ಸೆರೆಯಲ್ಲಿದ್ದಾಗ ಪಕ್ಕದ ಮಂಚದಲ್ಲಿದ್ದವನೊಬ್ಬ ಈಗಲೂ ಅಲ್ಲೇ ಇದ್ದಾನೆ. ಅವನ ಹೆಂಡತಿ ನನ್ನ ಪಕ್ಕ ಕೂತಿದ್ದಳು, ಅವಳು ತಟ್ಟುತ್ತಿದ್ದಳು. ನಾನು ಹೇಗೆ ಸುಮ್ಮನಿರಲಿ? ಆದರೆ ಇದಕ್ಕೆ ಮೊದಲು ತಟ್ಟಿಸಿಕೊಂಡವರೆಲ್ಲ ಬಿಳಿಚಿಕೊಂಡು ಓಡಿದ್ದನ್ನು ನೋಡಿದ್ದೆ. ಬಾಗಿ ನಮಸ್ಕರಿಸಿದವರನ್ನು ನೋಡಿರಲಿಲ್ಲ. ಎದೆಯ ಮೇಲೆ ಕೈಯಿಟ್ಟು ನಕ್ಕರು ಕಣೇ. ನನಗೆ ಚೆಲ್ಲೊ ಹಿಡಿಯಲು ಕಲಿಸಿದ ಕೈ ಅದು. ನನಗೆ ನಿಲ್ಲಿಸಬೇಕೆನಿಸಿತು, ನಿಲ್ಲಿಸಲಿಲ್ಲ.

ಅವರಿಗೆ ಯಾರಾದರೂ ಹೇಳಬೇಕು, ವಸಂತದಲ್ಲಿ ಮತ್ತೆ ವೇದಿಕೆ ಹತ್ತುವ ಮೊದಲು. ನನಗೆ ಬಾಯಿ ಬರುವುದಿಲ್ಲ. ನೀನೇ ಹೇಳಬೇಕು.

ಕ್ಷಮೆ ಕೇಳಲು ಮುಖವಿಲ್ಲದ,
ಕ್ಸಾವೆರಿ


ಉಟ್ರೆಕ್ಟ್, 28 ನವೆಂಬರ್ 1982

ಅಪ್ಪಾ,

ಇದು ಲಾರಿಯವನ ಕೈಲಿ ಬರುತ್ತಿದೆ, ನಡುವೆ ಯಾರೂ ಇಲ್ಲ. ಒಂದು ತಿಂಗಳಿನಿಂದ ಇದನ್ನು ಬರೆಯುವುದು, ಹರಿಯುವುದು ಮಾಡುತ್ತಿದ್ದೇನೆ. ಎದುರಿಗಿದ್ದಿದ್ದರೆ ನಿಮ್ಮ ಕೈ ಹಿಡಿದುಕೊಂಡು ಹೇಳುತ್ತಿದ್ದೆ.

ಅದು ಪ್ರೀತಿಯ ಚಪ್ಪಾಳೆಯಾಗಿರಲಿಲ್ಲ ಅಪ್ಪಾ. ಟೆಲಿವಿಷನ್ನಿಗೆ ಹೋದವರನ್ನು ಅಲ್ಲಿನ ಜನ ಈಗ ಹಾಗೆ ತಟ್ಟಿ ರಂಗದಿಂದ ಕಳಿಸುತ್ತಾರಂತೆ. ಜುಲೈನಲ್ಲಿ ನೀವು ಆ ಕಟ್ಟಡಕ್ಕೆ ಹೋಗಿ ನುಡಿಸಿದಿರೆಂದು ಅವರು ತಿಳಿದಿದ್ದಾರೆ. ಕ್ಸಾವೆರಿ ತಿಳಿಸಿದ. ಅವನನ್ನು ಬೈಯಬೇಡಿ. ನನ್ನನ್ನು ಬೈಯಿರಿ. ಆಗಸ್ಟಿನಲ್ಲೇ ನನಗೆ ಎದೆ ಹೊಡೆದುಕೊಂಡಿತ್ತು, ಸಾಹೇಬರ ಭಯಕ್ಕೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದೆ.

ನಿಮಗೆ ಹೇಳದೆಯೇ ಇರಬಹುದಿತ್ತು. ನಿಮ್ಮ ಅಕ್ಟೋಬರಿನ ಕಾಗದದಷ್ಟು ಸಂತೋಷದ ಕಾಗದ ನಿಮ್ಮಿಂದ ನನಗೆ ಎಂದೂ ಬಂದಿರಲಿಲ್ಲ. ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ಆದರೆ ನೀವು ಮತ್ತೆ ವೇದಿಕೆ ಹತ್ತಿ, ಅವರು ಮತ್ತೆ ತಟ್ಟಿ, ನೀವು ಮತ್ತೆ ಬಾಗುವುದನ್ನು ನೆನೆದರೆ ನನ್ನಿಂದ ತಡೆಯಲಾಗುವುದಿಲ್ಲ.

ಇದಕ್ಕೆ ದಾರಿ ಇದೆ. ಹೇಳಿಬಿಡಿ ಅವರಿಗೆ. ಟೇಪು ಹಳೆಯದು, ಹಾಡಿದವಳು ನನ್ನ ಹೆಂಡತಿ, ಅವಳ ದನಿ ಕೇಳಬೇಕೆನಿಸಿತು, ಅಷ್ಟೇ ಎಂದು. ಚರ್ಚಿನಲ್ಲಿ ಫಾದರ್ ಇಗ್ನಾಟ್ಸಿಯವರು ಒಂದು ಮಾತು ಹೇಳಿದರೂ ಊರು ಕೇಳುತ್ತದೆ. ಅಂಥ ಕಾರಣವನ್ನು ಒಪ್ಪದಷ್ಟು ಕಲ್ಲೇನಲ್ಲ ನಮ್ಮ ಜನ.

ನಿಮ್ಮ ಬೈಗುಳಕ್ಕಾಗಿ ಕಾಯುತ್ತಿರುವ,
ಬೋಗ್ನಾ


ಪೊಜ್ನಾನ್, 9 ಜನವರಿ 1983

ಬೋಗ್ನಾ,

ನಿನ್ನ ಕಾಗದ ಸಿಕ್ಕಿತು. ಸಿಕ್ಕಿದ ದಿನವೇ ಬರೆದಿದ್ದರೆ ನೀನು ನನ್ನ ಮಗಳಾಗಿ ಉಳಿಯುತ್ತಿರಲಿಲ್ಲ, ಅದಕ್ಕೆ ಕ್ರಿಸ್‌ಮಸ್ ಕಳೆಯಲಿ ಎಂದು ಬಿಟ್ಟೆ. ಇದೂ ಲಾರಿಯಲ್ಲೇ ಬರುತ್ತಿದೆ.

ಹಬ್ಬದ ಹಿಂದಿನ ಸಂಜೆ ಪೆಲಾಗ್ಯಾ ಮುರಿದು ಹಂಚಿಕೊಳ್ಳುವ ರೊಟ್ಟಿಯ ಬಿಲ್ಲೆ ಹಿಡಿದುಕೊಂಡು ಕೆಳಗಿಳಿದು ಬಂದಳು. ಪ್ರತಿ ವರ್ಷ ಅವಳು ಹರಸುವುದು ಕೇಳಿ ಕೇಳಿ ನನ್ನ ಸೂಪು ಆರಿಹೋಗುತ್ತಿತ್ತು. ಈ ಸಲ ನನ್ನದರಿಂದ ಚೂರು ಮುರಿದುಕೊಂಡು, "ಆರೋಗ್ಯವಾಗಿರಿ" ಅಂದವಳು ಅಷ್ಟಕ್ಕೇ ನಿಂತುಬಿಟ್ಟಳು. ಇಬ್ಬರೂ ಕೂತು ಮೀನು ತಿಂದೆವು.

ಈಗ ನೀನು ಕೇಳದೆ ಇರುವುದನ್ನು ಹೇಳುತ್ತೇನೆ. ಆವತ್ತು ಮೂರನೆಯ ಸಲ ಬಾಗಿ ತಲೆಯೆತ್ತಿದಾಗ ಅವಳ ಮುಖ ಕಂಡಿತು. ಕೈ ತಟ್ಟುತ್ತಿತ್ತು, ಮುಖ ಅಳುತ್ತಿತ್ತು. ಅದು ಎಂಥ ಅಳುವೆಂದು ತಿಳಿಯದಷ್ಟು ದಡ್ಡ ನಾನಲ್ಲ, ಹಲ್ಲು ಬಂದಾಗಿನಿಂದ ವೇದಿಕೆ ಮೇಲಿರುವವನು. ಆ ಗಳಿಗೆಯಲ್ಲೇ ಗೊತ್ತಾಯಿತು. ಮನೆಗೆ ನಡೆದು ಬರುವಾಗ, ಗೊತ್ತಿಲ್ಲದವನ ಹಾಗಿರುವುದೆಂದು ನಿಶ್ಚಯಿಸಿದೆ. ನಿನಗೆ ಬರೆಯುತ್ತಾ ಬರೆಯುತ್ತಾ ಅರ್ಧ ನಂಬಿದೆ. ಬೇಕರಿಯಲ್ಲಿ ಹೇಳಿಕೊಂಡು ಮುಕ್ಕಾಲು ನಂಬಿದೆ. ನಿನ್ನ ಕಾಗದ ಬಾರದಿದ್ದರೆ ಪೂರ್ತಿ ನಂಬಿ ಸುಖವಾಗಿ ಸಾಯುತ್ತಿದ್ದೆ. ನೀನು ಮಾಡಿದ್ದು ಸರಿ. ಸರಿಯಾದದ್ದನ್ನು ಮಾಡಿದವರ ಮೇಲೆ ಬರುವಷ್ಟು ಕೋಪ ಬೇರೆ ಯಾರ ಮೇಲೂ ಬರುವುದಿಲ್ಲ.

ನಿನ್ನ ದಾರಿ ನನಗೆ ಬೇಡ. ಹೂಂ ಅಂದವನು ನಾನು. ರೋಮಾನಾಳನ್ನು ಸಮಾಧಿಯಿಂದ ಎಬ್ಬಿಸಿ, ನನ್ನ ಪರವಾಗಿ ವಾದಿಸು ಬಾ ಎಂದು ಊರಿನ ಮುಂದೆ ನಿಲ್ಲಿಸಲಾರೆ. ಅವಳು ಬದುಕಿದ್ದಾಗಲೇ ನನ್ನ ಪರ ವಹಿಸಿದವಳಲ್ಲ. ಇಗ್ನಾಟ್ಸಿಯವರಿಗೂ ಈ ಕಾರಣ ಹೇಳಕೂಡದು. ಕ್ಸಾವೆರಿ ಎಲ್ಲಿಯಾದರೂ ಬಾಯಿ ಬಿಟ್ಟರೆ ಅವನ ಕಿವಿ ಹಿಂಡುತ್ತೇನೆಂದು ತಿಳಿಸು.

ಸಭಾಂಗಣದವರು ವಸಂತಕ್ಕೆ ಆಗುವುದಿಲ್ಲವೆಂದರು. ಕೃತಿ ಪೆಟ್ಟಿಗೆಯಲ್ಲಿದೆ. ಅದನ್ನು ಯಾರೂ ಕೇಳಲಿಲ್ಲ ಎಂಬುದು ಮಾತ್ರ ನನ್ನನ್ನು ತಿನ್ನುತ್ತಿದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಕೇಳಿ ಬೈದಿದ್ದರೆ.

ಅಪ್ಪ


ಪೊಜ್ನಾನ್, 20 ಮಾರ್ಚ್ 1983

ಬೋಗ್ನಾ, ಮುನಿಸು ಬಿಟ್ಟಿದ್ದೇನೆ,

ಕಾರಣ, ಕೆಲಸ ಸಿಕ್ಕಿದೆ. ಕೃತಿಗೆ ಒಂದು ಹೊಸ ಮೊದಲ ಭಾಗ ಬರೆಯುತ್ತಿದ್ದೇನೆ.

ಐವತ್ತಾರರ ನಂತರ ನಾವೆಲ್ಲ ಏನು ಮಾಡಿದೆವು ಹೇಳು? ಒಬ್ಬೊಬ್ಬ ವಾದಕನಿಗೂ ಅವನವನ ವೇಗ ಬಿಟ್ಟುಕೊಟ್ಟೆವು. ನಿರ್ದೇಶಕ ಶುರು ಮಾಡಲು ಒಮ್ಮೆ ಕೈಯೆತ್ತುತ್ತಾನೆ, ನಿಲ್ಲಿಸಲು ಒಮ್ಮೆ. ನಡುವೆ ಪ್ರತಿಯೊಬ್ಬನೂ ತನ್ನ ಪಾಡಿಗೆ. ವರ್ಷಗಟ್ಟಲೆ ಒಂದೇ ತಾಳಕ್ಕೆ ಹೆಜ್ಜೆ ಹಾಕಿ ಸಾಕಾಗಿದ್ದವರಿಗೆ ಅದೇ ಹಬ್ಬ. ಕೆಲವರು ಅದರಿಂದ ದೊಡ್ಡ ಕೆಲಸ ಮಾಡಿದರು. ನಾನು ಹೊಸ ಆಟಿಕೆ ಸಿಕ್ಕ ಹಾಗೆ ಆಡಿದೆ. ಆಡಿ ಬೇಸರವಾಗಿ ಮತ್ತೆ ರಾಗಕ್ಕೆ ಬಂದೆ. ಅಕ್ಟೋಬರಿನಲ್ಲಿ ಅಷ್ಟು ಜನ ತಂತಮ್ಮ ವೇಗದಲ್ಲಿ, ತಂತಮ್ಮ ಸಿಟ್ಟಿನಲ್ಲಿ ತಟ್ಟಿದರಲ್ಲ, ಹೇಳಲು ನಾಚಿಕೆ, ಅಂಥ ಸದ್ದನ್ನು ನಾನು ಎಂದೂ ಬರೆದಿರಲಿಲ್ಲ. ತಿಂಗಳುಗಳಿಂದ ಅದು ತಲೆಯಲ್ಲೇ ಇದೆ. ಅದನ್ನು ಹೊರಗೆ ಹಾಕಬೇಕು.

ಕ್ಸಾವೆರಿಯನ್ನು ಹುಡುಕಿಕೊಂಡು ಹೋದೆ. ವಾದ್ಯವೃಂದದಿಂದ ತೆಗೆದ ಮೇಲೆ ಅವನು ಒಂದು ಶಾಲೆಯ ಬಾಯ್ಲರ್ ಕೋಣೆಯಲ್ಲಿ ಕಲ್ಲಿದ್ದಲು ಎತ್ತಿ ಹಾಕುತ್ತಾನೆ. ನನ್ನನ್ನು ಕಂಡು ಸಲಿಕೆ ಕೆಳಗಿಟ್ಟ.

"ಮೇಷ್ಟ್ರೇ, ಅವತ್ತು ನಾನೂ ತಟ್ಟಿದೆ."

"ಗೊತ್ತು. ಕೇಳಿಸ್ತು. ನೀನು ಯಾವಾಗ್ಲೂ ತಾಳಕ್ಕಿಂತ ಮುಂದೇನೇ ಓಡೋದು."

ಅವನು ನಗಲಿಲ್ಲ. "ನಂಗೆ ಬೈಯಿರಿ."

"ಬೈಯೋಕೆ ಪುರುಸೊತ್ತಿಲ್ಲ. ನಿನ್ನ ಸ್ನೇಹಿತರಲ್ಲಿ ತಂತಿವಾದ್ಯದೋರು ಎಷ್ಟು ಜನ ಇದ್ದಾರೆ? ದುಡ್ಡಿಲ್ಲ, ಊಟ ಪೆಲಾಗ್ಯಾ ಹಾಕ್ತಾಳೆ, ಆಲೂಗಡ್ಡೆ ಮೊಸರುಗಿಣ್ಣು."

ಆಗ ಹೇಳಿದೆ. ಮೊದಲ ಭಾಗದಲ್ಲಿ ವಾದ್ಯವೇ ಇಲ್ಲ. ಕೇಳುವವರು ತಟ್ಟಬೇಕು. ಪಿಯಾನೊ ಮೂರು ಸಲ ಶುರು ಮಾಡಲು ನೋಡುತ್ತದೆ, ಅವರು ಬಿಡಬಾರದು. ಆಮೇಲೆ ಒಬ್ಬೊಬ್ಬರಾಗಿ ನಿಲ್ಲಿಸಬೇಕು, ಯಾರಿಗೆ ಯಾವಾಗ ಸಾಕೆನಿಸುತ್ತದೋ ಆಗ. ಕೊನೆಯ ಒಬ್ಬ ನಿಲ್ಲಿಸಿದ ಮೇಲೆ ಹಳೆಯ ಕೃತಿ ಆರಂಭ.

"ಎಲ್ಲಿ ಮಾಡ್ತೀರಿ?" ಅಂದ. ಈಗ ಮರ್ಯಾದಸ್ಥರ ಸಂಗೀತವೆಲ್ಲ ಚರ್ಚಿನಲ್ಲಿ ತಾನೇ ನಡೆಯುವುದು. ಇಗ್ನಾಟ್ಸಿಯವರ ಹತ್ತಿರ ಹೋದೆವು. ಚರ್ಚಿನಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಎಂಥ ಸಂಗೀತಕ್ಕೂ ಸುಮ್ಮನೆ ಎದ್ದು ನಿಲ್ಲುತ್ತಾರೆ, ಅದು ನಿಯಮ ಎಂದು ಅವರು ಗಡ್ಡ ಕೆರೆದುಕೊಂಡರು.

"ಬಿಷಪ್ಪರಿಗೆ ಗೊತ್ತಾದ್ರೆ?" ಎಂದು ನಾನೇ ಕೇಳಿದೆ.

"ಅವರಿಗೆ ಎಡಗಿವಿ ಕೇಳಿಸಲ್ಲ. ನಾನು ಎಡಗಡೆ ನಿಂತು ಹೇಳ್ತೀನಿ."

ಮೇ ಎಂಟಕ್ಕೆ, ಭಾನುವಾರದ ಪೂಜೆಯ ನಂತರ. ಊರು ಬರುತ್ತದೋ ಇಲ್ಲವೋ ಗೊತ್ತಿಲ್ಲ. ಬಾರದಿದ್ದರೆ ಇದೂ ಮುಗಿಯಿತು. ಭಯವಾಗುತ್ತಿದೆ ಮಗಳೇ, ನಿನಗೆ ಹೇಳಲು ಏನು ಸಂಕೋಚ.

ಬೆರಳಿಗೆ ಮಸಿ ಮೆತ್ತಿಕೊಂಡಿರುವ,
ನಿನ್ನ ಅಪ್ಪ


ಪೊಜ್ನಾನ್, 10 ಮೇ 1983

ಬೋಗ್ನಾ,

ನನ್ನ ಕೃತಿಯನ್ನು ಹಾಳುಮಾಡಿದರು. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ, ನೀನೇ ತೀರ್ಮಾನ ಮಾಡು.

ಜನ ಬಂದರು. ಪೂಜೆ ಮುಗಿಸಿ ಮನೆಗೆ ಹೋಗುವವರು ಹೋಗಲಿಲ್ಲ, ಹೊರಗಿನವರು ಒಳಗೆ ಬಂದರು. ಇಗ್ನಾಟ್ಸಿಯವರು ಏನು ಹೇಳಿ ಕರೆದಿದ್ದರೋ. ಕ್ಸಾವೆರಿ ಕಪ್ಪು ಹಿಡಿದ ಬೆರಳುಗಳಿಂದ ಚೆಲ್ಲೊ ಶ್ರುತಿ ಮಾಡುತ್ತಿದ್ದ. ನಾನು ಎದ್ದು ನಿಂತು ಮಾತಾಡಿದೆ. ನನಗೆ ಭಾಷಣ ಬರುವುದಿಲ್ಲವೆಂದು ನಿನಗೆ ಗೊತ್ತು.

"ಅಕ್ಟೋಬರಿನಲ್ಲಿ ಬಂದಿದ್ದೋರು ಇಲ್ಲಿ ಸುಮಾರು ಜನ ಇದ್ದೀರಿ. ನಂಗೆ ಮುಖ ಮರೆಯೋ ಕಾಯಿಲೆ ಇನ್ನೂ ಬಂದಿಲ್ಲ. ಜುಲೈನಲ್ಲಿ ನನ್ನ ಟೇಪು ಹಾಕಿ ಅಂದೋನು ನಾನೇ, ಯಾರೂ ಬಲವಂತ ಮಾಡಲಿಲ್ಲ. ನೀವು ತಟ್ಟಿದ್ದು ಸರಿ. ಆ ಚಪ್ಪಾಳೆ ಈಗ ಈ ಕೃತಿಯ ಮೊದಲ ಭಾಗ. ನಾನು ಕೂತ ತಕ್ಷಣ ಶುರು ಮಾಡಿ. ಅವತ್ತಿನ ಹಾಗೇ ತಟ್ಟಬೇಕು, ದಾಕ್ಷಿಣ್ಯ ಬೇಡ. ಸಾಕು ಅನ್ನಿಸಿದವರು ನಿಲ್ಲಿಸಿ."

ಕೂತೆ. ಯಾರೂ ತಟ್ಟಲಿಲ್ಲ.

ಅರ್ಥವಾಗಿಲ್ಲವೇನೋ ಎಂದು ತಿರುಗಿ, "ಹೂಂ, ಶುರು ಮಾಡಿ" ಎಂದೆ. ಒಬ್ಬ ಕೆಮ್ಮಿದ. ಹಿಂದೆ ಒಂದು ಮಗು ಏನೋ ಕೇಳಿತು, ತಾಯಿ ಅದರ ಬಾಯಿ ಮುಚ್ಚಿದಳು. ಎಲ್ಲರ ಕೈಯೂ ಮಡಿಲಲ್ಲಿ. ಕ್ಸಾವೆರಿಯ ಕಡೆ ನೋಡಿದೆ, ಇವನಾದರೂ ಶುರು ಮಾಡಿದರೆ ಮಿಕ್ಕವರು ಹಿಡಿಯುತ್ತಾರೆಂದು. ಅವನು ಬಿಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡು ಇಲ್ಲವೆಂದು ತಲೆಯಾಡಿಸಿದ. ಪಿಯಾನೊಗೆ ಬರೆದದ್ದು ಸದ್ದಿನ ಜೊತೆ ಗುದ್ದಾಡಲು, ಸದ್ದೇ ಇಲ್ಲದಿದ್ದರೆ ಏನು ಮಾಡಲಿ? ನನ್ನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ, ಇದೂ ಇನ್ನೊಂದು ಶಿಕ್ಷೆ ಎಂದುಕೊಂಡೆ. ಎದ್ದು ಹೋಗಿಬಿಡೋಣ ಅನ್ನಿಸಿತು.

ಆಗ ಪೆಲಾಗ್ಯಾ ಎದ್ದಳು. ಎರಡನೆಯ ಬೆಂಚಿನಲ್ಲಿದ್ದಳು, ತಲೆಗೆ ಭಾನುವಾರದ ವಸ್ತ್ರ ಕಟ್ಟಿಕೊಂಡು. ಮನೆಯ ಮೆಟ್ಟಿಲ ಮೇಲೆ ನಿಂತು ಮಾತಾಡುವ ಹಾಗೆಯೇ ಮಾತಾಡಿದಳು.

"ಕೈ ಏಳ್ತಿಲ್ಲ ಮೇಷ್ಟ್ರೇ. ನೀವು ನುಡಿಸಿ."

ಅವಳು ಕೂತಳು. ಇನ್ನೊಬ್ಬ, ನನಗೆ ಪರಿಚಯವೇ ಇಲ್ಲದ ಗಂಡಸು, ಹಿಂದಿನಿಂದ "ನುಡಿಸಿ ಮೇಷ್ಟ್ರೇ" ಅಂದ. ಆಮೇಲೆ ಮತ್ತೆ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಸಿಟ್ಟಿರಲಿಲ್ಲ. ಅಷ್ಟೂ ಜನ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಅರವತ್ತು ವರ್ಷ ನುಡಿಸಿದ್ದೇನೆ, ನನಗಾಗಿ ಹಾಗೆ ಯಾರೂ ಕಾದದ್ದಿಲ್ಲ.

ನುಡಿಸಿದೆ. ಮೊದಲ ಸಾಲಿನಲ್ಲೇ ಎರಡು ತಪ್ಪು ಸ್ವರ ಬಿದ್ದವು. ನಿನ್ನ ಅಮ್ಮನಿಗೆಂದು ಬರೆದ ನಡುವಿನ ಭಾಗ ಬಂದಾಗ ಕ್ಸಾವೆರಿ ಮುಂದೆ ಓಡಲಿಲ್ಲ, ನನ್ನ ಜೊತೆಗೇ ಬಂದ. ಮುಗಿದಾಗ ಎಲ್ಲರೂ ಎದ್ದು ನಿಂತರು, ಚರ್ಚಿನ ಪದ್ಧತಿಯಂತೆ ಮಾತಿಲ್ಲದೆ. ನಾನು ಬಾಗಿ ನಮಸ್ಕರಿಸಲು ಹೋದೆ, ಆಗಲಿಲ್ಲ. ಇಗ್ನಾಟ್ಸಿಯವರ ಒಳಕೋಣೆಗೆ ಹೋಗಿ, ಅವರ ಪೂಜೆಯ ನಿಲುವಂಗಿಗಳ ನಡುವೆ ನಿಂತು ಅತ್ತೆ. ಪೆಲಾಗ್ಯಾ ಬಂದು, "ಸಾಕು ಬನ್ನಿ, ಆಲೂಗಡ್ಡೆ ಆರುತ್ತೆ" ಅಂದಳು.

ಇವತ್ತು ಬೆಳಿಗ್ಗೆ ಮೊದಲ ಭಾಗವನ್ನು ಪೂರ್ತಿ ಹೊಡೆದುಹಾಕಿದೆ. ಚಳಿಗಾಲದಿಂದ ಮಾಡಿದ ಕೆಲಸ, ಬಹಳ ಚೆನ್ನಾಗಿಯೂ ಇತ್ತು. ನನ್ನ ಊರಿನವರು ಅದನ್ನು ನುಡಿಸಲು ಒಪ್ಪಲಿಲ್ಲ, ಇನ್ನು ಯಾರಿಂದಲೂ ನುಡಿಸುವುದಿಲ್ಲ. ನಿನಗೆ ಉಳಿದ ಕೃತಿಯ ಪ್ರತಿ ಕಳಿಸುತ್ತಿದ್ದೇನೆ, ಅಲ್ಲಿಯವರ ಜೊತೆ ನುಡಿಸು. ಈಗ ಅದು ನೇರವಾಗಿ ಪಿಯಾನೊದಿಂದ ಶುರುವಾಗುತ್ತದೆ. ಪಿಯಾನೊದವನಿಗೆ ಹೇಳು, ಯಾರಾದರೂ "ನುಡಿಸಿ" ಎಂದು ಕೇಳುವವರೆಗೆ ಕೈಯಿಡಬಾರದು.

ಕೇಳಿಸಿಕೊಂಡವನು,
ನಿನ್ನ ಅಪ್ಪ ಸೆವೆರಿನ್